ಒಂದು ಎಕರೆ ಬಿಸಿಲಿನ ತೂಕವೆಷ್ಟು?
ವಸ್ತುವಿಗೂ ಶಕ್ತಿಗೂ ಇರುವ ಸಂಬಂಧ



ಕಾಳಿಗೆ ತೂಕವುಂಟು, ಗೊಬ್ಬರಕ್ಕೆ ತೂಕವುಂಟು, ಹುಲ್ಲಿನ ಹೊರೆಗೂ ತೂಕವುಂಟು. ಬಿಸಿಲಿಗೆ ತೂಕವುಂಟೇ ಎಂದು ಯಾರಾದರೂ ಕೇಳಿದರೆ ನಾವು ನಕ್ಕುಬಿಡುತ್ತೇವೆ. ಆದರೆ ಇದು ನಗುವ ಪ್ರಶ್ನೆಯಲ್ಲ. ಬಿಸಿಲಿಗೂ ಲೆಕ್ಕಕ್ಕೆ ಸಿಗುವ ತೂಕವುಂಟೆಂದು ವಿಜ್ಞಾನ ತಿಳಿಸಿ ನೂರು ವರ್ಷಕ್ಕೂ ಮೇಲಾಯಿತು. ಶಾಲೆಗೆ ಹೋಗುವ ನಿಮ್ಮ ಮಕ್ಕಳು "ಇ ಈಕ್ವಲ್ ಟು ಎಂಸಿ ಸ್ಕ್ವೇರ್" ಎಂದು ಬಾಯಿಪಾಠ ಮಾಡುವುದನ್ನು ನೀವು ಕೇಳಿರಬಹುದು. ಆ ಸೂತ್ರ ಹೇಳುವುದು ಇದನ್ನೇ. ಅದರ ಅರ್ಥವೇನು, ನಮ್ಮ ಒಲೆಗೂ ಪಂಪ್‌ಸೆಟ್ಟಿಗೂ ಹೊಲದಲ್ಲಿ ಸುಡುವ ಹುಲ್ಲಿಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ಇಲ್ಲಿ ಸರಳವಾಗಿ ತಿಳಿಯೋಣ.

ಮೊದಲು ಎರಡು ಮಾತುಗಳ ಅರ್ಥ ಸ್ಪಷ್ಟವಾಗಲಿ. ಒಂದು ವಸ್ತುವಿನಲ್ಲಿ ಎಷ್ಟು ದ್ರವ್ಯ ಅಡಗಿದೆಯೋ ಅದಕ್ಕೆ ವಿಜ್ಞಾನದಲ್ಲಿ ದ್ರವ್ಯರಾಶಿ ಎಂದು ಹೆಸರು. ಅದನ್ನು ನಾವು ತಕ್ಕಡಿಯಲ್ಲಿಟ್ಟು ಅಳೆಯುತ್ತೇವೆ. ಆದುದರಿಂದ ಈ ಲೇಖನದಲ್ಲಿ ತೂಕ ಎಂದೇ ಕರೆಯೋಣ. ಇನ್ನು ಶಕ್ತಿ ಎಂದರೆ ಕೆಲಸ ಮಾಡಿಸುವ ಸಾಮರ್ಥ್ಯ. ನೀರನ್ನು ಮೇಲೆತ್ತುವುದು, ಅನ್ನ ಬೇಯಿಸುವುದು, ದೀಪ ಉರಿಸುವುದು, ನೇಗಿಲು ಎಳೆಯುವುದು, ಇವೆಲ್ಲಕ್ಕೂ ಶಕ್ತಿ ಬೇಕು. ಕರೆಂಟಿನ ಬಿಲ್ಲಿನಲ್ಲಿ ಬರುವ ಯೂನಿಟ್ಟು ಈ ಶಕ್ತಿಯ ಒಂದು ಅಳತೆಯೇ.

ಒಲೆಯಲ್ಲಿ ತೂಕ ಎಲ್ಲಿಗೆ ಹೋಯಿತು?

ಹತ್ತು ಕಿಲೋ ಒಣಗಿದ ಕಟ್ಟಿಗೆಯನ್ನು ಒಲೆಯಲ್ಲಿ ಪೂರ್ತಿ ಉರಿಸಿ, ಉಳಿದ ಬೂದಿಯನ್ನು ತೂಗಿ ನೋಡಿ. ಸಾಮಾನ್ಯವಾಗಿ ಅದು ಅರ್ಧ ಕಿಲೋ ಕೂಡ ತೂಗುವುದಿಲ್ಲ. ಹಾಗಾದರೆ ಉಳಿದ ಒಂಬತ್ತೂವರೆ ಕಿಲೋ ಏನಾಯಿತು? "ಅದೆಲ್ಲ ಬೆಂಕಿಯಾಯಿತು, ಶಾಖವಾಗಿ ಹೋಯಿತು" ಎಂದು ಹಲವರು ಹೇಳುತ್ತಾರೆ. ಇದು ತಪ್ಪು ತಿಳಿವಳಿಕೆ.

ಕಟ್ಟಿಗೆ ಉರಿಯುವಾಗ ಗಾಳಿಯಲ್ಲಿರುವ ಆಮ್ಲಜನಕವು ಕಟ್ಟಿಗೆಯ ಇಂಗಾಲದೊಡನೆ ಸೇರಿ ಇಂಗಾಲಾಮ್ಲ ವಾಯುವಾಗುತ್ತದೆ. ಕಟ್ಟಿಗೆಯ ಜಲಜನಕದೊಡನೆ ಸೇರಿ ನೀರಾವಿಯಾಗುತ್ತದೆ. ಇವೆರಡೂ ಹೊಗೆಯ ಜೊತೆಯಲ್ಲಿ ಮೇಲೇರಿ ಕಣ್ಣಿಗೆ ಕಾಣದೆ ಗಾಳಿಯಲ್ಲಿ ಬೆರೆತುಹೋಗುತ್ತವೆ. ಹೀಗೆ ಹೊರಟುಹೋದ ವಾಯು ಮತ್ತು ಆವಿಯನ್ನೆಲ್ಲ ಹಿಡಿದು ತೂಗಿದರೆ ಅವು ಮೂಲ ಕಟ್ಟಿಗೆಗಿಂತಲೂ ಹೆಚ್ಚು ತೂಗುತ್ತವೆ! ಏಕೆಂದರೆ ಗಾಳಿಯಿಂದ ಬಂದ ಆಮ್ಲಜನಕದ ತೂಕವೂ ಅದರಲ್ಲಿ ಸೇರಿದೆ. ಕಟ್ಟಿಗೆ ಮತ್ತು ಆಮ್ಲಜನಕವನ್ನು ಒಂದು ತಟ್ಟೆಯಲ್ಲಿ, ಬೂದಿ, ವಾಯು, ಆವಿಗಳನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟರೆ ತಕ್ಕಡಿ ಸಮವಾಗಿ ನಿಲ್ಲುತ್ತದೆ. ಫ್ರಾನ್ಸ್ ದೇಶದ ಲಾವೋಸಿಯೆ ಎಂಬ ವಿಜ್ಞಾನಿ ಹದಿನೆಂಟನೆಯ ಶತಮಾನದಲ್ಲಿ ಮುಚ್ಚಿದ ಪಾತ್ರೆಗಳಲ್ಲಿ ವಸ್ತುಗಳನ್ನು ಕಾಯಿಸಿ, ತೂಗಿ, ಈ ನಿಯಮವನ್ನು ಸ್ಥಿರಪಡಿಸಿದನು.

ಇದನ್ನು ನೀವೂ ಪರೀಕ್ಷಿಸಬಹುದು. ಒಂದು ಲೀಟರಿನ ಖಾಲಿ ಸೋಡಾ ಬಾಟಲಿಯಲ್ಲಿ ಸ್ವಲ್ಪ ನಿಂಬೆರಸ ಹಾಕಿ. ಅರ್ಧ ಚಮಚ ಅಡಿಗೆ ಸೋಡಾವನ್ನು ಕಾಗದದಲ್ಲಿ ಸುತ್ತಿ ಒಳಗೆ ಬಿಟ್ಟು ಕೂಡಲೇ ಬಿರಡೆಯನ್ನು ಬಿಗಿಯಿರಿ. ಅಕ್ಕಸಾಲಿಗರ ನಯವಾದ ತಕ್ಕಡಿಯಲ್ಲಿ ತೂಗಿ. ಒಳಗೆ ನೊರೆ ಉಕ್ಕಿ ವಾಯು ಹುಟ್ಟಿದ ಮೇಲೆಯೂ ತೂಕ ಅಷ್ಟೇ ಇರುತ್ತದೆ. ಬಿರಡೆಯನ್ನು ಮೆಲ್ಲಗೆ ಸಡಿಲಿಸಿ, ಬುಸ್ಸೆಂದು ವಾಯು ಹೊರಹೋದ ಮೇಲೆ ಬಿರಡೆಯ ಸಮೇತ ಮತ್ತೆ ತೂಗಿದರೆ ತೂಕ ಇಳಿದಿರುತ್ತದೆ. ತೂಕ ನಾಶವಾಗಲಿಲ್ಲ, ಹೊರಗೆ ಹೋಯಿತು.

1905ರಲ್ಲಿ ತಿಳಿದ ಸಂಗತಿ

ಸುಮಾರು ನೂರು ವರ್ಷಗಳ ಕಾಲ ವಿಜ್ಞಾನಿಗಳು ಇದನ್ನೇ ಕೊನೆಯ ಮಾತೆಂದು ನಂಬಿದ್ದರು. ತೂಕದ ಲೆಕ್ಕ ಬೇರೆ, ಶಕ್ತಿಯ ಲೆಕ್ಕ ಬೇರೆ. ಒಂದು ಇನ್ನೊಂದಾಗಲಾರದು ಎಂದು ಎಣಿಸಿದ್ದರು. 1905ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ 26 ವರ್ಷದ ಆಲ್ಬರ್ಟ್ ಐನ್‌ಸ್ಟೀನ್ ಈ ಎರಡು ಲೆಕ್ಕಗಳೂ ಒಂದೇ ಖಾತೆಗೆ ಸೇರಿದವು ಎಂದು ತೋರಿಸಿದನು. ಒಂದು ವಸ್ತು ಶಕ್ತಿಯನ್ನು ಹೊರಗೆ ಬಿಟ್ಟರೆ ಆ ಶಕ್ತಿಗೆ ತಕ್ಕಷ್ಟು ಅದರ ತೂಕವೂ ಇಳಿಯುತ್ತದೆ. ಶಕ್ತಿಯನ್ನು ಪಡೆದರೆ ತೂಕ ಏರುತ್ತದೆ. ಕಾದ ನೀರು ತಣ್ಣೀರಿಗಿಂತ ಅತ್ಯಲ್ಪವಾದರೂ, ಭಾರವೇ ಸರಿ.

ಎಷ್ಟು ತೂಕಕ್ಕೆ ಎಷ್ಟು ಶಕ್ತಿ? ಸೂತ್ರ ಹೀಗಿದೆ: ಶಕ್ತಿ ಎಂದರೆ ತೂಕವನ್ನು ಬೆಳಕಿನ ವೇಗದಿಂದ ಒಮ್ಮೆ ಗುಣಿಸಿ, ಬಂದದ್ದನ್ನು ಅದೇ ವೇಗದಿಂದ ಮತ್ತೊಮ್ಮೆ ಗುಣಿಸಿದಷ್ಟು. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಎಂದರೆ, ಒಂದು ಸೆಕೆಂಡಿನಲ್ಲಿ ಭೂಮಿಯನ್ನು ಏಳೂವರೆ ಸಲ ಸುತ್ತುವಷ್ಟು ವೇಗ. ಇಂತಹ ದೊಡ್ಡ ಸಂಖ್ಯೆಯಿಂದ ಎರಡು ಸಲ ಗುಣಿಸಿದಾಗ ಅಲ್ಪ ತೂಕವೂ ಅಪಾರ ಶಕ್ತಿಯಾಗುವುದರಲ್ಲಿ ಆಶ್ಚರ್ಯವೇನಿದೆ?

ಲೆಕ್ಕ ಹಾಕಿದರೆ ಒಂದು ಗ್ರಾಂ ದ್ರವ್ಯಕ್ಕೆ ಸಮನಾದ ಶಕ್ತಿ ಎರಡೂವರೆ ಕೋಟಿ ಯೂನಿಟ್. 5 ಅಶ್ವಶಕ್ತಿಯ ಪಂಪ್‌ಸೆಟ್ಟು ಗಂಟೆಗೆ ಸುಮಾರು 4 ಯೂನಿಟ್ ತೆಗೆದುಕೊಳ್ಳುತ್ತದೆ ಎಂದು ಇಟ್ಟುಕೊಳ್ಳಿ. ಅಂತಹ ಸಾವಿರ ಪಂಪ್‌ಸೆಟ್ಟುಗಳು ದಿನಕ್ಕೆ ಆರು ಗಂಟೆಯಂತೆ ಓಡಿದರೂ ಎರಡೂವರೆ ಕೋಟಿ ಯೂನಿಟ್ ಮುಗಿಯಲು ಮೂರು ವರ್ಷಕ್ಕೆ ಸ್ವಲ್ಪವೇ ಕಡಿಮೆ ಕಾಲ ಬೇಕು. ಇದೆಲ್ಲ ಒಂದು ಗ್ರಾಮಿನ ಮಹಿಮೆ!

ಈಗ ನಮ್ಮ ಒಲೆಗೆ ಹಿಂದಿರುಗೋಣ. ಹತ್ತು ಕಿಲೋ ಕಟ್ಟಿಗೆ ಉರಿದು ಶಾಖ ಹೊರಬಿದ್ದಾಗ ಐನ್‌ಸ್ಟೀನನ ಲೆಕ್ಕದಂತೆ ಎಷ್ಟು ತೂಕ ನಿಜವಾಗಿ ಶಕ್ತಿಯಾಗಿ ಹೋಯಿತು? ಒಂದು ರಾಗಿ ಕಾಳನ್ನು ಸಾವಿರಕ್ಕೂ ಹೆಚ್ಚು ಚೂರು ಮಾಡಿದರೆ ಅದರಲ್ಲಿ ಒಂದು ಚೂರಿನಷ್ಟು! ಇದನ್ನು ಹತ್ತು ಕಿಲೋ ಕಟ್ಟಿಗೆಯಲ್ಲಿ ಗುರುತಿಸುವ ತಕ್ಕಡಿ ಎಲ್ಲಿಯೂ ಇರಲಿಲ್ಲ. ಲಾವೋಸಿಯೆಯ ತಕ್ಕಡಿ ಸಮವಾಗಿ ನಿಂತದ್ದು ಇದರಿಂದಲೇ. ಅವನ ನಿಯಮ ಸುಳ್ಳಾಗಲಿಲ್ಲ. ಅದರ ಹಿಂದೆ ಇನ್ನೂ ಆಳವಾದ ನಿಯಮವೊಂದಿತ್ತು, ಅಷ್ಟೆ.

ಒಂದು ಎಕರೆ ಬಿಸಿಲು

ಇನ್ನು ನಮ್ಮ ಮೊದಲ ಪ್ರಶ್ನೆಗೆ ಬರೋಣ. ಸೂರ್ಯನು ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಅವನ ಬೆಳಕು ನಮ್ಮನ್ನು ಮುಟ್ಟಲು ಎಂಟು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬೇಕು. ಅವನು ಉರಿಯುತ್ತಿರುವುದು ನಮ್ಮ ಕಟ್ಟಿಗೆಯಂತೆ ಅಲ್ಲ. ಇಡೀ ಸೂರ್ಯನೇ ಕಲ್ಲಿದ್ದಲಿನ ಉಂಡೆಯಾಗಿದ್ದರೆ ಕೆಲವೇ ಸಾವಿರ ವರ್ಷಗಳಲ್ಲಿ ಉರಿದು ಮುಗಿಯುತ್ತಿದ್ದನು. ಆದರೆ ಅವನು ಸುಮಾರು 460 ಕೋಟಿ ವರ್ಷಗಳಿಂದ ಬೆಳಗುತ್ತಿದ್ದಾನೆ.

ಸೂರ್ಯನ ನಡುಭಾಗದಲ್ಲಿ ಊಹಿಸಲಾಗದಷ್ಟು ಶಾಖ ಮತ್ತು ಒತ್ತಡವಿದೆ. ಅಲ್ಲಿ ನಾಲ್ಕು ಜಲಜನಕದ ಪರಮಾಣುಗಳ ತಿರುಳುಗಳು ಹಂತಹಂತವಾಗಿ ಬೆಸೆದು ಹೀಲಿಯಂ ಎಂಬ ಇನ್ನೊಂದು ವಸ್ತುವಿನ ಒಂದು ತಿರುಳಾಗುತ್ತವೆ. ಒಂದು ಸಾವಿರ ಗ್ರಾಂ ಜಲಜನಕ ಹೀಗೆ ಬೆಸೆದರೆ ಸುಮಾರು 993 ಗ್ರಾಂ ಹೀಲಿಯಂ ಮಾತ್ರ ಉಳಿಯುತ್ತದೆ. ಕಡಿಮೆಯಾದ 7 ಗ್ರಾಂ ಶಕ್ತಿಯಾಗಿ ಹೊರಬರುತ್ತದೆ. ಹೀಗೆ ಸೂರ್ಯನು ಪ್ರತಿ ಸೆಕೆಂಡಿಗೆ 40 ಲಕ್ಷ ಟನ್ನಿಗೂ ಹೆಚ್ಚು ತೂಕವನ್ನು ಬೆಳಕು ಮತ್ತು ಶಾಖವಾಗಿ ಚೆಲ್ಲುತ್ತಿದ್ದಾನೆ. ಕೇಳಿ ಹೆದರಬೇಕಾಗಿಲ್ಲ. ಸೂರ್ಯನ ಗಾತ್ರಕ್ಕೆ ಇದು ಏನೂ ಅಲ್ಲ. ಇನ್ನೂ ಸುಮಾರು 500 ಕೋಟಿ ವರ್ಷ ಅವನು ಹೀಗೆಯೇ ಬೆಳಗುವನು.

ಆ ಬೆಳಕಿನ ಬಹುಪಾಲು ನಾನಾ ದಿಕ್ಕಿಗೆ ಹರಡಿಹೋಗುತ್ತದೆ. ಇಡೀ ಭೂಮಿಯ ಪಾಲಿಗೆ ಬರುವ ಬಿಸಿಲಿನ ತೂಕ ಸೆಕೆಂಡಿಗೆ ಸುಮಾರು ಎರಡು ಕಿಲೋ ಮಾತ್ರ. ಜಗತ್ತಿನ ಎಲ್ಲ ಮಳೆಯನ್ನು ಎತ್ತುವ, ಎಲ್ಲ ಬೆಳೆಯನ್ನು ಬೆಳೆಸುವ, ಎಲ್ಲ ಗಾಳಿಯನ್ನು ಬೀಸಿಸುವ ಶಕ್ತಿ ಈ ಎರಡು ಕಿಲೋದಲ್ಲಿಯೇ ಅಡಗಿದೆ.

ನಮ್ಮ ಕಡೆಯ ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರ್ ನೆಲಕ್ಕೆ ಬೀಳುವ ಶಕ್ತಿ ಸುಮಾರು 5 ಯೂನಿಟ್. ಎಕರೆಗೆ ಸುಮಾರು 4,000 ಚದರ ಮೀಟರ್. ಆದುದರಿಂದ ಎಕರೆಗೆ ದಿನವೊಂದಕ್ಕೆ ಸುಮಾರು 20,000 ಯೂನಿಟ್. ಗ್ರಾಮಿಗೆ ಎರಡೂವರೆ ಕೋಟಿ ಯೂನಿಟ್ಟಿನ ಲೆಕ್ಕದಲ್ಲಿ ಇದರ ತೂಕವೆಷ್ಟು? ಒಂದು ರಾಗಿ ಕಾಳಿನ ಮೂರನೆಯ ಒಂದು ಪಾಲು! ನಿಮ್ಮ ಒಂದು ಎಕರೆ ಹೊಲಕ್ಕೆ ಒಟ್ಟು ಒಂದು ಗ್ರಾಂ ಬಿಸಿಲು ಬೀಳಬೇಕಾದರೆ ಸುಮಾರು ಮೂರೂವರೆ ವರ್ಷ ಹಿಡಿಯುತ್ತದೆ.

ಹಾಗಾದರೆ ಎಕರೆಗೆ ಇಪ್ಪತ್ತು ಕ್ವಿಂಟಾಲ್ ಭತ್ತ, ಅಷ್ಟೇ ಹುಲ್ಲು ಬಂತಲ್ಲ, ಆ ತೂಕ ಎಲ್ಲಿಂದ ಬಂತು? ಬಿಸಿಲಿನಿಂದ ಅಲ್ಲ. ಮಣ್ಣಿನಿಂದಲೂ ಬಹಳ ಬಂದದ್ದಲ್ಲ. ಹದಿನೇಳನೆಯ ಶತಮಾನದಲ್ಲಿ ಯೂರೋಪಿನ ವಾನ್ ಹೆಲ್ಮಾಂಟ್ ಎಂಬಾತನು ತೂಗಿದ ಒಣಮಣ್ಣಿನ ತೊಟ್ಟಿಯಲ್ಲಿ ಒಂದು ಗಿಡ ನೆಟ್ಟು ಐದು ವರ್ಷ ನೀರೆರೆದನು. ಗಿಡದ ತೂಕ ಸುಮಾರು 75 ಕಿಲೋ ಹೆಚ್ಚಿತು. ಮಣ್ಣು ಕಳೆದುಕೊಂಡದ್ದು ಸುಮಾರು 60 ಗ್ರಾಂ ಮಾತ್ರ. ಎಲ್ಲವೂ ನೀರಿನಿಂದ ಬಂತೆಂದು ಅವನು ತಿಳಿದನು. ಅದು ಅರ್ಧ ಸತ್ಯ. ಗಿಡದ ಒಡಲಿನ ಬಹುಭಾಗವು ನೀರಿನಿಂದಲೂ ಗಾಳಿಯ ಇಂಗಾಲಾಮ್ಲ ವಾಯುವಿನಿಂದಲೂ ಆಗಿದೆ. ಇವೆರಡನ್ನೂ ಬೆಸೆಯುವ ಕೂಲಿಯನ್ನು ಮಾತ್ರ ಬಿಸಿಲು ಮಾಡುತ್ತದೆ. ಕೂಲಿಯಾಳು ಮನೆ ಕಟ್ಟುತ್ತಾನೆ, ಆದರೆ ತಾನೇ ಇಟ್ಟಿಗೆಯಾಗುವುದಿಲ್ಲ.

ಪರಮಾಣುವಿನ ತಿರುಳು

ಒಂದು ಗ್ರಾಮಿನಲ್ಲಿ ಅಷ್ಟು ಶಕ್ತಿಯಿದ್ದರೆ ಒಂದು ಹಿಡಿ ಮಣ್ಣನ್ನೇ ಶಕ್ತಿಯಾಗಿ ಮಾರ್ಪಡಿಸಿ ಊರಿಗೆಲ್ಲ ಕರೆಂಟು ಕೊಡಬಾರದೇ? ಹಾಗೆ ಮಾಡಲಾಗುವುದಿಲ್ಲ. ಶಕ್ತಿ ಇರುವುದು ಬೇರೆ, ಅದನ್ನು ಹೊರತೆಗೆಯುವ ದಾರಿ ಸಿಗುವುದು ಬೇರೆ.

ಎಲ್ಲ ವಸ್ತುಗಳೂ ಪರಮಾಣುಗಳಿಂದಾಗಿವೆ. ಬೆಂಕಿಯಲ್ಲಿ ಪರಮಾಣುಗಳ ಹೊರಗಿನ ಕೊಂಡಿಗಳು ಮಾತ್ರ ಕಳಚಿ ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ. ಒಳಗಿನ ತಿರುಳು ಅಲುಗುವುದೇ ಇಲ್ಲ. ಆ ತಿರುಳಿಗೆ ಪರಮಾಣು ಬೀಜ ಎಂದು ಹೆಸರು. ಪರಮಾಣುವಿನ ತೂಕವೆಲ್ಲ ಹೆಚ್ಚುಕಡಿಮೆ ಅಲ್ಲಿಯೇ ಇದೆ. ಈ ಬೀಜಗಳು ಬೆಸೆದಾಗ ಅಥವಾ ಒಡೆದಾಗ ಮಾತ್ರ ತೂಕದಲ್ಲಿ ಎದ್ದು ಕಾಣುವ ಇಳಿತವಾಗುತ್ತದೆ. ಬೆಸೆಯುವ ಕೆಲಸವನ್ನು ಸೂರ್ಯನು ಮಾಡುತ್ತಾನೆ. ಒಡೆಯುವ ಕೆಲಸವನ್ನು ಮನುಷ್ಯನು ಕಲಿತನು.

1938ರಲ್ಲಿ ಜರ್ಮನಿಯ ಆಟೋ ಹಾನ್ ಮತ್ತು ಸ್ಟ್ರಾಸ್‌ಮಾನ್ ಎಂಬ ವಿಜ್ಞಾನಿಗಳ ಪ್ರಯೋಗದಲ್ಲಿ ಯುರೇನಿಯಂ ಎಂಬ ಭಾರವಾದ ಲೋಹದಿಂದ ಅದಕ್ಕಿಂತ ಎಷ್ಟೋ ಹಗುರವಾದ ವಸ್ತು ಕಾಣಿಸಿಕೊಂಡಿತು. ಇದು ಹೇಗೆಂದು ಅವರಿಗೆ ಬಗೆಹರಿಯಲಿಲ್ಲ. ಅವರ ಜೊತೆಯಲ್ಲಿ ಬಹುಕಾಲ ದುಡಿದಿದ್ದ ಲೀಸೆ ಮೈಟ್ನರ್ ಎಂಬ ಮಹಿಳೆ ಯೆಹೂದಿ ಮೂಲದವರಾದ್ದರಿಂದ ಹಿಟ್ಲರನ ಆಡಳಿತಕ್ಕೆ ಅಂಜಿ ಸ್ವೀಡನ್ನಿಗೆ ಹೋಗಿದ್ದರು. ಆಕೆ ತನ್ನ ಅಕ್ಕನ ಮಗ ಆಟೋ ಫ್ರಿಶ್ ಎಂಬಾತನೊಡನೆ ಕುಳಿತು ಲೆಕ್ಕ ಹಾಕಿದರು. ಯುರೇನಿಯಂ ಬೀಜ ಎರಡಾಗಿ ಒಡೆದಿದೆ, ಎರಡು ಹೋಳುಗಳ ತೂಕ ಕೂಡಿದರೆ ಮೂಲ ಬೀಜಕ್ಕಿಂತ ಸ್ವಲ್ಪ ಕಡಿಮೆ, ಆ ಕಡಿಮೆಯಾದ ತೂಕವೇ ಐನ್‌ಸ್ಟೀನನ ಸೂತ್ರದಂತೆ ಶಕ್ತಿಯಾಗಿದೆ ಎಂದು ಕಂಡುಕೊಂಡರು. ಒಂದು ಕಿಲೋ ಯುರೇನಿಯಂ ಹೀಗೆ ಪೂರ್ತಿ ಒಡೆದರೆ ಇಳಿಯುವ ತೂಕ ಒಂದು ಗ್ರಾಮಿಗೆ ಸ್ವಲ್ಪ ಕಡಿಮೆ.

ಈ ತಿಳಿವಳಿಕೆಯ ಮೊದಲ ದೊಡ್ಡ ಬಳಕೆ ಲೋಕಕ್ಕೆ ದುಃಖವನ್ನು ತಂದಿತು. 1945ರ ಆಗಸ್ಟ್ 6ರಂದು ಜಪಾನಿನ ಹಿರೋಷಿಮಾ ನಗರದ ಮೇಲೆ ಅಮೆರಿಕವು ಹಾಕಿದ ಬಾಂಬಿನಲ್ಲಿ ನಿಜವಾಗಿ ಶಕ್ತಿಯಾದ ದ್ರವ್ಯ ಒಂದು ಗ್ರಾಮಿಗಿಂತ ಕಡಿಮೆ. ಅಷ್ಟಕ್ಕೇ ನಗರವೊಂದು ನೆಲಸಮವಾಯಿತು. ಒಂದೇ ಬೆಂಕಿ ಅನ್ನವನ್ನೂ ಬೇಯಿಸುತ್ತದೆ, ಬಣವೆಯನ್ನೂ ಸುಡುತ್ತದೆ.

ಕೈಗಾ ಮತ್ತು ಕಲ್ಲಿದ್ದಲು

ಇದೇ ಶಕ್ತಿಯನ್ನು ಹತೋಟಿಯಲ್ಲಿಟ್ಟು ವಿದ್ಯುತ್ ತಯಾರಿಸುವ ಕೇಂದ್ರವೊಂದು ನಮ್ಮ ರಾಜ್ಯದಲ್ಲಿಯೇ ಇದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಳಿ ನದಿಯ ದಡದ ಕೈಗಾದಲ್ಲಿ 2000ನೇ ಇಸವಿಯಿಂದ 2011ರೊಳಗೆ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು ಕೆಲಸಕ್ಕೆ ತೊಡಗಿದವು. ಯುರೇನಿಯಂ ಬೀಜಗಳು ಒಡೆದು ಹುಟ್ಟುವ ಶಾಖದಿಂದ ನೀರು ಆವಿಯಾಗುತ್ತದೆ. ಆವಿಯು ಚಕ್ರವನ್ನು ತಿರುಗಿಸುತ್ತದೆ. ಚಕ್ರದಿಂದ ವಿದ್ಯುತ್ತು. ಶಾಖ ಹುಟ್ಟುವ ರೀತಿ ಹೊಸದು. ಮುಂದಿನದೆಲ್ಲ ರಾಯಚೂರಿನ ಕಲ್ಲಿದ್ದಲು ಕೇಂದ್ರದಲ್ಲಿ ಇರುವಂತೆಯೇ.

ಕೈಗಾದ ಒಂದು ಘಟಕ ಪೂರ್ಣ ಸಾಮರ್ಥ್ಯದಲ್ಲಿ ಒಂದು ದಿನ ನಡೆದರೆ 52 ಲಕ್ಷ ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು ಬರುತ್ತದೆ. ಅದಕ್ಕಾಗಿ ಆ ದಿನ ಶಕ್ತಿಯಾಗಿ ಮಾರ್ಪಡುವ ತೂಕ ಮುಕ್ಕಾಲು ಗ್ರಾಮಿನಷ್ಟು. ಎಂದರೆ ಒಂದು ಚಿಟಿಕೆ ರಾಗಿ. ಅಷ್ಟೇ ವಿದ್ಯುತ್ತನ್ನು ಕಲ್ಲಿದ್ದಲಿನಿಂದ ಪಡೆಯಬೇಕಾದರೆ ಮೂರು ಸಾವಿರ ಟನ್ನಿಗೂ ಹೆಚ್ಚು ಕಲ್ಲಿದ್ದಲು ಬೇಕು. ಅದು ಹೆಚ್ಚುಕಡಿಮೆ ಒಂದು ಗೂಡ್ಸ್ ರೈಲಿನ ಹೊರೆ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಗಮನಿಸಬೇಕು. ಕಲ್ಲಿದ್ದಲಿನ ರೈಲಿನಲ್ಲಿಯೂ ನಿಜವಾಗಿ ಶಕ್ತಿಯಾಗುವ ತೂಕ ಅದೇ ಒಂದು ಚಿಟಿಕೆ! ಉಳಿದ ಸಾವಿರಾರು ಟನ್ನು ಹೊಗೆ ಮತ್ತು ಬೂದಿಯಾಗಿ ಲೋಕದಲ್ಲಿಯೇ ಉಳಿಯುತ್ತದೆ. ಇಷ್ಟು ಶಕ್ತಿಗೆ ಇಷ್ಟು ತೂಕ ಎಂಬ ದರ ಒಲೆಯಲ್ಲಿ, ಕೈಗಾದಲ್ಲಿ, ಸೂರ್ಯನಲ್ಲಿ ಎಲ್ಲ ಕಡೆಯೂ ಒಂದೇ. ವ್ಯತ್ಯಾಸವಿರುವುದು ಆ ಒಂದು ಚಿಟಿಕೆಗಾಗಿ ಎಷ್ಟು ಸರಕನ್ನು ತರಬೇಕು, ಎಷ್ಟು ಕಸವನ್ನು ಕಾಯಬೇಕು ಎಂಬುದರಲ್ಲಿ. ಕಲ್ಲಿದ್ದಲಿನ ಕಸ ಬಹಳ, ಅದು ಗಾಳಿಗೆ ಸೇರುತ್ತದೆ. ಯುರೇನಿಯಂ ಕಸ ಸ್ವಲ್ಪ, ಆದರೆ ಅದರಿಂದ ಅಪಾಯಕರ ಕಿರಣಗಳು ಬಹಳ ಕಾಲ ಹೊರಡುತ್ತಿರುತ್ತವೆ. ಅದನ್ನು ಎಚ್ಚರದಿಂದ ಕಾಪಾಡಬೇಕು. ಕಸವಿಲ್ಲದೆ, ಖರ್ಚಿಲ್ಲದೆ ಬರುವ ಶಕ್ತಿ ಯಾವುದೂ ಇಲ್ಲ.

ಹೊಲಕ್ಕೆ ಏನು ಪಾಠ?

"ಇದೆಲ್ಲ ತಿಳಿದು ರೈತನಿಗೆ ಏನು ಲಾಭ?" ಎಂದು ಕೇಳಬಹುದು. ಲಾಭವುಂಟು.

ಕಟಾವಾದ ಮೇಲೆ ಹುಲ್ಲು, ಕಬ್ಬಿನ ರವದಿ ಮುಂತಾದುವನ್ನು ಹೊಲದಲ್ಲಿಯೇ ಸುಡುವವರು ಇದ್ದಾರೆ. ಸುಟ್ಟರೆ ಅದೆಲ್ಲ ಬೆಂಕಿಯಾಗಿ ತೀರಿಹೋಯಿತು, ಸಾರ ಬೂದಿಯಲ್ಲಿ ಉಳಿಯಿತು ಎಂದು ಅವರು ತಿಳಿಯುತ್ತಾರೆ. ಆದರೆ ಬೆಂಕಿಯಾದದ್ದು ರಾಗಿ ಕಾಳಿನ ಚೂರಿಗೂ ಸಾಲದಷ್ಟು ಎಂದು ಈಗ ನಮಗೆ ಗೊತ್ತು. ಮಿಕ್ಕದ್ದೆಲ್ಲ ವಸ್ತುವೇ, ಅದು ಹೊಲ ಬಿಟ್ಟು ಗಾಳಿಗೆ ಹೋಯಿತು. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 400 ಕಿಲೋ ಇಂಗಾಲವೂ 5ರಿಂದ 6 ಕಿಲೋ ಸಾರಜನಕವೂ ಇರುತ್ತವೆ. ಸುಟ್ಟರೆ ಇವುಗಳ ಬಹುಪಾಲು ಹಾರಿಹೋಗುತ್ತದೆ. ಅಷ್ಟು ಸಾರಜನಕವನ್ನು ಅಂಗಡಿಯಿಂದ ತರಬೇಕಾದರೆ ಸುಮಾರು 12 ಕಿಲೋ ಯೂರಿಯಾ ಬೇಕು. ಇಂಗಾಲ ಹೋದದ್ದರಿಂದ ಮಣ್ಣಿನಲ್ಲಿ ನೀರು ಹಿಡಿದಿಡುವ ಸತ್ವವಾಗಬೇಕಾದದ್ದೂ ಹೋಯಿತು. ಪೊಟ್ಯಾಷ್ ಮಾತ್ರ ಬಹುಮಟ್ಟಿಗೆ ಬೂದಿಯಲ್ಲಿ ಉಳಿಯುತ್ತದೆ. ಅದೂ ಗಾಳಿಗೆ ಹಾರುವ, ಮಳೆಗೆ ಕೊಚ್ಚಿಹೋಗುವ ಸಂಭವವಿದೆ.

ಇನ್ನೊಂದು ಕಡೆ ಗೋಬರ್ ಗ್ಯಾಸನ್ನು ನೋಡಿ. ಸಗಣಿಯನ್ನು ಬೆರಣಿ ತಟ್ಟಿ ಉರಿಸಿದರೆ ಶಾಖ ಸಿಗುತ್ತದೆ, ಆದರೆ ಸಾರಜನಕ ಹೊಗೆಯೊಡನೆ ಹೋಗುತ್ತದೆ. ಅದೇ ಸಗಣಿಯನ್ನು ಗೋಬರ್ ಗ್ಯಾಸಿನ ತೊಟ್ಟಿಗೆ ಹಾಕಿದರೆ ಉರಿಯುವ ಅನಿಲವೂ ಸಿಗುತ್ತದೆ, ಸಾರಜನಕ, ರಂಜಕ, ಪೊಟ್ಯಾಷ್‌ಗಳು ಬಗ್ಗಡದಲ್ಲಿ ಉಳಿದು ಹೊಲಕ್ಕೆ ಮರಳುತ್ತವೆ. ಶಕ್ತಿಯನ್ನು ಬಳಸಿಕೊಳ್ಳಬೇಕಾದರೆ ಗೊಬ್ಬರದ ಸಾರವನ್ನು ಕಳೆದುಕೊಳ್ಳಲೇಬೇಕೆಂಬ ನಿಯಮವೇನೂ ಇಲ್ಲ. ಶಕ್ತಿ ಒಯ್ಯುವುದು ಕಾಣದಷ್ಟು ತೂಕವನ್ನು. ಉಳಿದದ್ದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಮೋಸಕ್ಕೆ ಒಳಗಾಗಬೇಡಿ

"ಇಂಧನವಿಲ್ಲದೆ, ಕರೆಂಟಿಲ್ಲದೆ, ಬಿಸಿಲಿಲ್ಲದೆ ತಾನೇ ಓಡುವ ಪಂಪು", "ಬರೀ ನೀರಿನಿಂದ ಓಡುವ ಎಂಜಿನ್ನು" ಎಂದು ಹೇಳಿ ಮುಂಗಡ ಹಣ ಕೇಳುವವರು ಆಗಾಗ ಬರುವುದುಂಟು. ಕೆಲವರು ಐನ್‌ಸ್ಟೀನನ ಹೆಸರನ್ನೂ ಪರಮಾಣುವಿನ ಹೆಸರನ್ನೂ ಹೇಳಿ ನಂಬಿಸುತ್ತಾರೆ. ಅವರನ್ನು ಒಂದೇ ಪ್ರಶ್ನೆ ಕೇಳಿ: "ಶಕ್ತಿ ಎಲ್ಲಿಂದ ಬರುತ್ತದೆ?" ನೀರು ಎಂದರೆ ಜಲಜನಕ ಉರಿದು ಆದ ವಸ್ತು, ಅದು ಒಂದು ಬಗೆಯ ಬೂದಿ. ಬೂದಿಯನ್ನು ಮತ್ತೆ ಉರಿಸಲಾಗುವುದಿಲ್ಲ. ಪರಮಾಣು ಬೀಜವನ್ನು ಬೆಸೆಯುವ ಅಥವಾ ಒಡೆಯುವ ಕೆಲಸ ಬಾವಿಯ ಕಟ್ಟೆಯ ಮೇಲಿಡುವ ಪೆಟ್ಟಿಗೆಯಲ್ಲಿ ಆಗುವಂತಹುದಲ್ಲ. ಉತ್ತರ ಸರಿಯಾಗಿ ಬರದಿದ್ದರೆ ಹಣ ಕೊಡಬೇಡಿ. ಸೌರ ಪಂಪ್‌ಸೆಟ್ಟಿನ ಮಾತು ಬೇರೆ. ಅದು ಬಿಸಿಲಿನ ಶಕ್ತಿಯನ್ನು ಹಲಗೆಗಳ ಮೂಲಕ ನೇರವಾಗಿ ವಿದ್ಯುತ್ತಾಗಿ ಮಾಡುತ್ತದೆ; ಅದರ ಶಕ್ತಿ ಎಲ್ಲಿಂದ ಬಂತೆಂದು ಬೆರಳು ಮಾಡಿ ತೋರಿಸಬಹುದು.

ನೆನಪಿಡಬೇಕಾದ ಅಂಶಗಳು

1. ವಸ್ತುವಿನ ತೂಕವೂ ಶಕ್ತಿಯೂ ಒಂದೇ ಖಾತೆಯ ಎರಡು ಲೆಕ್ಕಗಳು. ಒಂದು ಗ್ರಾಂ ಎಂದರೆ ಎರಡೂವರೆ ಕೋಟಿ ಯೂನಿಟ್.

2. ಬೆಂಕಿಯಲ್ಲಿ ವಸ್ತು ನಾಶವಾಗುವುದಿಲ್ಲ. ರೂಪ ಬದಲಿಸಿ ಗಾಳಿಗೆ ಸೇರುತ್ತದೆ. ಶಕ್ತಿಯಾಗುವುದು ತಕ್ಕಡಿಗೆ ಸಿಗದಷ್ಟು ಅಲ್ಪ.

3. ಬಿಸಿಲು ಸೂರ್ಯನು ಕಳೆದುಕೊಂಡ ತೂಕ. ಒಂದು ಎಕರೆಗೆ ಒಂದು ದಿನ ಬೀಳುವುದು ಒಂದು ರಾಗಿ ಕಾಳಿನ ಮೂರನೆಯ ಒಂದು ಪಾಲು.

4. ಪರಮಾಣು ಬೀಜ ಬೆಸೆದಾಗ ಅಥವಾ ಒಡೆದಾಗ ಮಾತ್ರ ತೂಕದ ಇಳಿತ ಎದ್ದು ಕಾಣುತ್ತದೆ.

5. ಹುಲ್ಲು, ರವದಿಯನ್ನು ಸುಡಬೇಡಿ. ಗೊಬ್ಬರದ ಗುಂಡಿಗೆ ಹಾಕಿ ಅಥವಾ ಹೊಲದಲ್ಲಿಯೇ ಹೊದಿಕೆಯಾಗಿ ಹರಡಿ.

6. ಶಕ್ತಿ ಎಲ್ಲಿಂದ ಬರುತ್ತದೆಂದು ಹೇಳಲಾರದ ಯಂತ್ರವನ್ನು ಕೊಳ್ಳಬೇಡಿ.

ಈ ಲೇಖನವನ್ನು ಯುವಕ ಮಂಡಲದಲ್ಲಿ, ಮಹಿಳಾ ಸಂಘದಲ್ಲಿ ಓದಿಸಿ ಚರ್ಚೆ ಮಾಡಿ. ಸೋಡಾ ಬಾಟಲಿಯ ಪರೀಕ್ಷೆಯನ್ನು ಶಾಲೆಯ ಮಕ್ಕಳಿಂದ ಮಾಡಿಸಿ. ಈ ವರ್ಷ ಸುಗ್ಗಿಯಾದ ಮೇಲೆ ಹುಲ್ಲಿಗೆ ಬೆಂಕಿಯಿಡುವ ಮುಂಚೆ, ಹೊಗೆಯಾಗಿ ಹೋಗುವುದು ಏನೇನು ಎಂಬ ಲೆಕ್ಕವನ್ನು ಒಂದು ಸಲ ಹಾಕಿ ನೋಡಿ.